ಒಂಬತ್ತನೇ ಬೀದಿಯ ಅಜ್ಜಿ

"ನನ್ನ ಆಟಕ್ಕೆ ನೀವು ಎರಡು ಸಲ ಬೈದಿದ್ದೀರಿ ಸರ್. ಹುಟ್ಟಿದಾಗ ಒಂದು ಸಲ, ಸತ್ತಾಗ ಒಂದು ಸಲ," ಎಂದಳು ಬಾಗಿಲಲ್ಲಿ ನಿಂತಿದ್ದ ಹೆಂಗಸು. ದನಿಯಲ್ಲಿ ಸಿಟ್ಟಿರಲಿಲ್ಲ. ಅಂಕಣಕಾರರಿಗೆ ಗಾಬರಿಯಾದದ್ದು ಅದಕ್ಕೇ.

ಇಪ್ಪತ್ತಾರು ವರ್ಷಗಳಿಂದ ವಾರಕ್ಕೊಂದರಂತೆ ಪತ್ರಿಕೆಗೆ ಕಂಪ್ಯೂಟರು, ಇಂಟರ್‌ನೆಟ್ಟು, ವಿಡಿಯೋ ಗೇಮುಗಳ ಬಗ್ಗೆ ಬರೆಯುತ್ತ ಬಂದವರು ಅವರು. ಬೈಗುಳದ ಪತ್ರ ಹೊಸದಲ್ಲ, ಆದರೆ ಮನೆಗೇ ಬಂದವಳು ಇವಳೇ ಮೊದಲು. ಒಳಗೆ ಕರೆದು ಕೂರಿಸಿದರು. ಅವಳು ಚೀಲದಿಂದ ಪತ್ರಿಕೆಯ ಎರಡು ತುಣುಕು ತೆಗೆದು ಮೇಜಿನ ಮೇಲಿಟ್ಟಳು. ಒಂದು ಹೋದ ವಾರದ್ದು. ಜನ ತಮ್ಮ ಫೈಲುಗಳನ್ನು ಪುಕ್ಕಟೆಯಾಗಿ ಇಟ್ಟುಕೊಳ್ಳಲು ಜಾಗ ಕೊಡುತ್ತಿದ್ದ ಹಳೆಯ ಕಂಪನಿಯೊಂದು ಬಾಗಿಲು ಹಾಕಿದ್ದಕ್ಕೆ, 'ಕಸದ ತೊಟ್ಟಿ ಖಾಲಿಯಾದರೆ ಅಳುವವರಾರು?' ಎಂದು ಅವರು ಕೇಳಿದ್ದರು. ಇನ್ನೊಂದು ಹಳದಿಗಟ್ಟಿದ್ದು, ಇಪ್ಪತ್ತೆರಡು ವರ್ಷ ಹಿಂದಿನ ವಿಮರ್ಶೆ. 'ಬೀದಿದೀಪ: ಎಂಟು ಬೀದಿಯವರೆಗೆ ದೀಪ ಹಚ್ಚುತ್ತ ಬರೀ ಆಕಳಿಕೆ. ಒಂಬತ್ತನೆಯದರಲ್ಲಿ ಅಜ್ಜಿಯೊಬ್ಬಳು ಮಾತಿಗೆ ನಿಲ್ಲಿಸುತ್ತಾಳೆ, ಅಷ್ಟರಲ್ಲಿ ಸಮಯ ಮುಗಿದು ಆಟಗಾರ ಸೋಲುತ್ತಾನೆ. ಇದು ಆಟವಲ್ಲ, ಅವಿವೇಕ.'

"ಆ ತೊಟ್ಟೀಲಿ ನನ್ನ ಆಟ ಇತ್ತು ಸರ್, ಉಳಿದಿದ್ದ ಒಂದೇ ಒಂದು ಪ್ರತಿ. ನಾನೂ ನನ್ನ ತಂಗೀನೂ ಪ್ರಿಂಟಿಂಗ್ ಪ್ರೆಸ್ಸಿನ ಮೇಲಿನ ಕೋಣೇಲಿ ಎರಡು ವರ್ಷ ಕೂತು ಮಾಡಿದ್ದು. ಕೆಳಗೆ ಮಷೀನು ಶುರುವಾದ್ರೆ ನಮ್ಮ ಮೇಜು ಗಡಗಡ ನಡುಗೋದು. ಮುಚ್ತೀವಿ ಅಂತ ಕಂಪನಿಯವರು ಹಳೇ ಮೇಲ್ ವಿಳಾಸಕ್ಕೆ ಬರೆದಿದ್ರಂತೆ. ಅದನ್ನ ತೆರೆದು ನೋಡಿ ಎಷ್ಟು ವರ್ಷ ಆಯ್ತೋ! ಅವತ್ತು ನಿಮಗೊಂದು ಸಿಡಿ ಕಳಿಸಿದ್ವಿ. ಅದೇನಾದ್ರೂ..."

"ಆಗೆಲ್ಲ ವಾರಕ್ಕೆ ಹತ್ತು ಸಿಡಿ ಬರೋವಮ್ಮ," ಎಂದು ಅಂಕಣಕಾರರು ಕೈಚೆಲ್ಲಿದರು.

ಅವಳು ತುಣುಕುಗಳನ್ನು ಮಡಿಸತೊಡಗಿದಳು. "ಆ ಅಜ್ಜಿ ದನಿ ನಮ್ಮಮ್ಮಂದು ಸರ್. ಆಗ ಅವಳಿಗಿನ್ನೂ ನಲವತ್ತೈದು. ಮುದುಕಿ ಥರ ಗಂಟಲು ನಡುಗಿಸೇ ಅಂದ್ರೆ ನಕ್ಕೂ ನಕ್ಕೂ ಸುಸ್ತಾಗೋಳು. ಹೋದ ವರ್ಷ ಲಕ್ವ ಹೊಡೆದು ಮಾತೇ ಹೋಯ್ತು. ಒಂದು ಸಲ ಅವಳ ದನೀನ ಅವಳಿಗೇ ಕೇಳಿಸೋಣ ಅಂತಿದ್ದೆ."

ಅಷ್ಟರಲ್ಲಿ ಅಂಕಣಕಾರರ ಹೆಂಡತಿ ಒಳಕೋಣೆಯಿಂದ ಬಂದರು. ಕೈಯಲ್ಲಿ ಅರ್ಧ ಇಸ್ತ್ರಿಯಾದ ಅಂಗಿ. "ದೀಪ ಹಚ್ಚಿದ ಹಾಗೆ ಒಂದೊಂದೇ ಕಿಟಕಿ ತೆಗೆದುಕೊಳ್ಳುತ್ತಲ್ಲ, ಆ ಆಟ ತಾನೇ? ಅದನ್ನ ಆಡಿದ್ದು ಇವರಲ್ಲಮ್ಮ, ನಾನು."

ಅಂಕಣಕಾರರ ಮುಖ ಕೆಂಪಾಯಿತು. ಕಾಲು ಮುರಿದು ಹೆಂಡತಿ ಮೂರು ತಿಂಗಳು ಹಾಸಿಗೆ ಹಿಡಿದ ವರ್ಷ ಅದು. ಆನೆಗಾತ್ರದ ಮಾನಿಟರನ್ನು ಸ್ಟೂಲಿನ ಮೇಲೇರಿಸಿ ಅವಳ ಪಕ್ಕದಲ್ಲಿಟ್ಟಿದ್ದರು. ಕಚೇರಿಗೆ ಬಂದ ಆಟಗಳನ್ನೆಲ್ಲ ಹಗಲೆಲ್ಲ ಆಡುತ್ತಿದ್ದವಳು ಅವಳು. ಸಂಜೆ ಪ್ಲಾಸ್ಟರಿನ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು, ತುತ್ತು ತುತ್ತಿನ ನಡುವೆ ಒಂದೊಂದನ್ನೂ ಅಭಿನಯಿಸಿ ಹೇಳುತ್ತಿದ್ದಳು. ಸಿಡಿ ಗಿರ್ರೆಂದು ತಿರುಗುವ ಸದ್ದು, ಅವಳ ನಗು, ಊಟದ ತಟ್ಟೆ ಮರೆತು ಅವಳ ಮಾತನ್ನೇ ಗೀಚಿಕೊಳ್ಳುತ್ತಿದ್ದ ತಾವು. ಅವರ ಅಂಕಣ ಮನೆಮಾತಾದದ್ದು ಆ ಮೂರು ತಿಂಗಳಲ್ಲೇ.

"ಸೋಲ್ತೀನಿ ಅಂತ ಗೊತ್ತಿದ್ದೂ ದಿನಾ ಆ ಅಜ್ಜಿ ಮುಂದೆ ನಿಂತ್ಕೋತಿದ್ದೆ," ಎಂದರು ಹೆಂಡತಿ. "ಹಗಲೆಲ್ಲ ಒಬ್ಬಳೇ ಬಿದ್ದಿರ್ತಿದ್ದೆನಲ್ಲ, ನನ್ನ ಮಾತಾಡಿಸ್ತಿದ್ದೋಳು ಅವಳೊಬ್ಬಳೇ. ಇವರಿಗೆ ಅದನ್ನೂ ಹೇಳಿದ್ದೆ."

"ಮುನ್ನೂರು ಪದದಲ್ಲಿ ಜಾಗ ಎಲ್ಲಿತ್ತೇ..." ಅಂಕಣಕಾರರ ದನಿ ತಗ್ಗಿತು.

"ಅವಿವೇಕ ಅನ್ನೋದಕ್ಕೆ ಇತ್ತಲ್ಲ!"

ಆ ವಿಮರ್ಶೆ ಅಚ್ಚಾದ ವಾರದ ನಂತರ ಹೆಂಡತಿ ಊಟದ ಹೊತ್ತಿನಲ್ಲಿ ಯಾವ ಆಟದ ಮಾತೂ ಎತ್ತಿರಲಿಲ್ಲ. ಕಾಲು ವಾಸಿಯಾಯಿತು, ಮನೆಗೆಲಸ ಶುರುವಾಯಿತು, ಅದಕ್ಕೇ ಇರಬೇಕು ಎಂದುಕೊಂಡು ಇಪ್ಪತ್ತೆರಡು ವರ್ಷ ಸುಮ್ಮನಿದ್ದರು ಅಂಕಣಕಾರರು. ಒಂದು ಸಲವಾದರೂ ಕೇಳಬೇಕೆಂದು ತೋಚಿರಲಿಲ್ಲ.

ಹೆಂಡತಿ ಹೊಲಿಗೆ ಸಾಮಾನಿನ ತಗಡಿನ ಡಬ್ಬಿಯ ತಳದಿಂದ ಬಟ್ಟೆಯಲ್ಲಿ ಸುತ್ತಿದ ಸಿಡಿ ತಂದರು. ಆ ಹೆಂಗಸು ಚೀಲದಿಂದ ಲ್ಯಾಪ್‌ಟಾಪನ್ನೂ ಸಿಡಿ ಡ್ರೈವನ್ನೂ ತೆಗೆದಳು. ಮೂರು ಸಲ ಮುನಿಸಿಕೊಂಡ ಆಟ ನಾಲ್ಕನೇ ಸಲಕ್ಕೆ ತೆರೆಯಿತು. ಹೆಂಡತಿಯೇ ಆಡಿದರು, ಬೆರಳುಗಳು ಏನನ್ನೂ ಮರೆತಿರಲಿಲ್ಲ. ಒಂಬತ್ತನೇ ಬೀದಿಯಲ್ಲಿ ಕಿಟಕಿ ತೆರೆಯಿತು.

"ನಿಲ್ಲಪ್ಪ ದೀಪದವನೇ. ಊರಿಗೆಲ್ಲ ಬೆಳಕು ಮಾಡಿದೆ, ನಿನ್ನ ಮನೇಲಿ ಯಾರು ದೀಪ ಹಚ್ತಾರೆ?"

ನಡುಗುವ ಮುದಿದನಿ. ಅದರ ತುದಿಯಲ್ಲಿ ತಡೆಯಲಾಗದೆ ಸಿಡಿದ ಒಂದು ಚೂರು ನಗು.

"ನಗ್ತಾ ಇದ್ದಾಳೆ," ಎಂದಳು ಹೆಂಗಸು, ಸೆರಗು ಬಾಯಿಗೊತ್ತಿಕೊಂಡು. "ಅಮ್ಮ ನಗ್ತಾ ಇದ್ದಾಳೆ."

ಆಟವನ್ನು ತನ್ನ ಲ್ಯಾಪ್‌ಟಾಪಿಗೆ ಇಳಿಸಿಕೊಂಡು, ಇವರ ಕಂಪ್ಯೂಟರಿಗೂ ಒಂದು ಪ್ರತಿ ಹಾಕಿಕೊಟ್ಟು ಅವಳು ಆತುರಾತುರವಾಗಿ ಹೊರಟಳು. ಅಂಕಣಕಾರರು ಪೆನ್ನು ಕೈಗೆತ್ತಿಕೊಂಡರು. "ತಪ್ಪಾಯ್ತು ಅಂತ ಈ ವಾರವೇ ಬರೆದುಬಿಡ್ತೀನಿ ಕಣೇ."

"ಬರೆಯೋದು ಆಮೇಲಿರಲಿ," ಎಂದು ಹೆಂಡತಿ ಕುರ್ಚಿ ಎಳೆದು ಕಂಪ್ಯೂಟರಿನ ಮುಂದಿಟ್ಟರು. "ಮೊದಲು ಕೂತ್ಕೊಂಡು ಆಡಿ."

ನಾಲ್ಕು ಗಂಟೆಗೆ ಪತ್ರಿಕೆಯಿಂದ ಫೋನು ಬಂತು. ಪುಟ ಕಾಯುತ್ತಿದೆ, ಅಂಕಣ ಎಲ್ಲಿ ಎಂದು ಸಂಪಾದಕರು ಕೇಳುತ್ತಿದ್ದರು. ಹೆಂಡತಿ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದರು. ಅಂಕಣಕಾರರು ಪರದೆಯಿಂದ ಕಣ್ಣು ತೆಗೆಯದೆ ಹೇಳಿದರು:

"ಇವತ್ತಾಗಲ್ಲ ಮಾರಾಯ್ರೇ. ನಾನಿನ್ನೂ ಎರಡನೇ ಬೀದೀಲೇ ಇದ್ದೀನಿ."