ಸದ್ದಿನ ಕರಾರು

"ನಾಲ್ಕನೇ ಷರತ್ತು ಹೊಡೆದುಹಾಕಿ," ಎಂದರು ಆಕೆ.

ಕಂಟ್ರಾಕ್ಟರ್ ಕರಾರುಪತ್ರವನ್ನು ತನ್ನ ಕಡೆಗೆ ತಿರುಗಿಸಿಕೊಂಡ. ಅಕ್ಕಪಕ್ಕದವರಿಗೆ ತೊಂದರೆಯಾಗದಂತೆ, ಆದಷ್ಟು ಕಡಿಮೆ ಸದ್ದಿನಲ್ಲಿ ಕೆಲಸ ಮಾಡತಕ್ಕದ್ದು. ಈ ಷರತ್ತನ್ನು ಇನ್ನಷ್ಟು ಬಿಗಿ ಮಾಡಿಸಿದವರನ್ನು ಅವನು ಕಂಡಿದ್ದ. ತೆಗೆಸಿದವರು ಇವರೇ ಮೊದಲು.

"ಬದಲಿಗೆ ಏನ್ ಬರೀಲಿ?"

"ದಿನಾ ಹತ್ತರಿಂದ ಹನ್ನೆರಡು ಗಂಟೆವರೆಗೆ ನಡುಮನೆ ನೆಲ ಒಡೀಬೇಕು. ಮೆಷಿನ್ನಲ್ಲೇ."

ಅವನು ಬಗ್ಗಿ ಟೈಲ್ಸ್ ಮೇಲೆ ಬೆರಳಿನಿಂದ ತಟ್ಟಿದ. ಎಲ್ಲೂ ಪೊಳ್ಳಿಲ್ಲ, ಒಂದು ಬಿರುಕೂ ಇಲ್ಲ.

"ಅಮ್ಮ, ಬಂದ ಕೆಲಸ ಬೇಡ ಅನ್ನಬಾರದು. ಆದ್ರೂ ಹೇಳ್ತೀನಿ, ಈ ನೆಲ ಇನ್ನೂ ಇಪ್ಪತ್ತು ವರ್ಷ ಬರುತ್ತೆ."

"ನನಗಿಂತ ಗಟ್ಟಿಯಾಗಿದೆ ಅಂತ ಗೊತ್ತು. ಒಡೀರಿ."

ಮೂವತ್ತು ವರ್ಷ ಟೆಲಿಫೋನ್ ಆಪರೇಟರ್ ಆಗಿ ಊರಿನವರನ್ನೆಲ್ಲ ಒಬ್ಬರಿಗೊಬ್ಬರು ಮಾತಾಡಿಸಿದ್ದ ಹೆಂಗಸು. ಈಗ ಮೂಲೆಯ ಫೋನ್ ಮೇಲೆ ದೂಳು. ಮನೆಯಲ್ಲಿದ್ದದ್ದು ಎರಡೇ ಕುರ್ಚಿ. ಒಂದರಲ್ಲಿ ಆಕೆ, ಇನ್ನೊಂದರಲ್ಲಿ ಮಡಚಿದ ಬಟ್ಟೆಯ ರಾಶಿ. ಅವನಿಗಾಗಿ ರಾಶಿ ಎತ್ತಿದಾಗ ಕೆಳಗಿನ ದಿಂಬು ಅಂಗಡಿಯಿಂದ ಈಗಷ್ಟೇ ತಂದಂತೆ ಉಬ್ಬಿಕೊಂಡಿತ್ತು.

"ಕೆಳಗಡೆ ಮನೆಯವರು ಜಗಳಕ್ಕೆ ಬಂದ್ರೆ?"

"ಬರ್ಲಿ. ಅವನಿಗೆ ಕೇಳಿಸ್ಬೇಕು ಅಂತಾನೇ ಇದು."

ಅವನಿಗೆ ಅರ್ಥವಾಯಿತು. ನೀರು ಸೋರಿದ್ದಕ್ಕೋ ಮೆಟ್ಟಿಲ ಕಸಕ್ಕೋ ಹುಟ್ಟಿದ ಹಗೆ ಇರಬೇಕು. ಅದರ ಉರಿಗೆ ತುಪ್ಪ ಸುರಿಯಲು ತನ್ನನ್ನು ಕರೆಸಿದ್ದಾರೆ. ಆದರೂ ಕೆಲಸ ಕೆಲಸವೇ. ಆಕೆ ಪ್ರತಿ ಹಾಳೆಗೂ ನಿಧಾನವಾಗಿ ಸಹಿ ಹಾಕಿದರು.

ಮೊದಲ ದಿನ ಮೆಷಿನ್ನಿನ ಅಬ್ಬರಕ್ಕೆ ಗೋಡೆಗಳೇ ನಡುಗಿದವು. ಮಧ್ಯಾಹ್ನ ಒಡೆದ ಟೈಲ್ಸಿನ ಮೂಟೆ ಕೆಳಗೆ ಇಳಿಸಿ ಬಂದವನನ್ನು ಆಕೆ ಬಾಗಿಲಲ್ಲೇ ನಿಲ್ಲಿಸಿದರು.

"ಅವನ ಬಾಗಿಲು ತೆರೀತಾ?"

"ಇಲ್ಲಮ್ಮ." ಕೆಳಗಿನ ಮನೆಯ ಪರದೆಗಳು ಹಾಡುಹಗಲೇ ಮುಚ್ಚಿದ್ದವು. ಹೊಸಿಲ ಬಳಿ ಯಾರೂ ಎತ್ತಿಕೊಳ್ಳದ ಪತ್ರಿಕೆಗಳು ಬಿದ್ದಿದ್ದವು.

ಎರಡನೆಯ ದಿನ ಎದುರುಮನೆಯಾತ ಕೂಗಾಡಿಕೊಂಡು ಬಂದ. ಆಕೆ ಕೈಮುಗಿದರು. "ತಪ್ಪು ತಿಳ್ಕೋಬೇಡಿ. ಈ ಸದ್ದು ನಿಮಗಲ್ಲ." ಆತ ಗೊಣಗಿಕೊಂಡು ಹೊರಟುಹೋದ.

ಹನ್ನೆರಡಾಯಿತು. ಕೆಳಗಿನ ಬಾಗಿಲು ಅಲ್ಲಾಡಲಿಲ್ಲ. ಆಕೆ ಮೆಟ್ಟಿಲ ಕಂಬಿ ಹಿಡಿದು ಕೆಳಗೆ ನೋಡುತ್ತಲೇ ನಿಂತಿದ್ದರು. ಕಂಟ್ರಾಕ್ಟರ್‌ಗೆ ತಡೆಯಲಾಗಲಿಲ್ಲ.

"ನಾನು ಮನೆ ರಿಪೇರಿ ಮಾಡೋನು ಅಮ್ಮ. ಇನ್ನೊಬ್ಬರ ನೆಮ್ಮದಿ ಕೆಡಿಸೋಕೆ ನನ್ನ ಕೈ ಬೇಡ. ನಾಳೆಯಿಂದ ನಾನು ಬರಲ್ಲ."

"ನಾಳೆ ಒಂದಿನ ಬನ್ನಿ." ದನಿ ತಗ್ಗಿತ್ತು. "ಆಮೇಲೆ ನಿಮ್ಮಿಷ್ಟ."

ಆ ದನಿಗೆ ಇಲ್ಲ ಎನ್ನಲು ಅವನಿಗೆ ಆಗಲಿಲ್ಲ.

ಮೂರನೆಯ ದಿನ ಅರ್ಧ ನೆಲ ಕಿತ್ತುಹೋಗಿತ್ತು. ಹನ್ನೊಂದೂವರೆಗೆ, ಮೂಟೆ ತುಂಬಲೆಂದು ಮೆಷಿನ್ ಆರಿಸಿದಾಗ, ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ನಿಧಾನವಾಗಿ ಹತ್ತಿ, ನಡುವೆ ನಿಂತು, ಮತ್ತೆ ಹತ್ತಿತು. ಆಮೇಲೆ ಬಾಗಿಲಿಗೆ ಮುಷ್ಟಿಯ ಗುದ್ದು ಬಿತ್ತು.

ಕಂಟ್ರಾಕ್ಟರ್ ಮೂಟೆ ಬಿಟ್ಟು, ಏನಾದರೂ ಆದರೆ ಅಡ್ಡ ಬರಲೆಂದು ಮುಂದೆ ಸರಿದ. ಆಕೆ ಅಷ್ಟರಲ್ಲೇ ಚಿಲಕ ತೆಗೆದಿದ್ದರು.

ಹೊರಗೆ ನಿಂತವನ ಗಡ್ಡ ಎದೆ ಮುಟ್ಟುತ್ತಿತ್ತು. ಅಂಗಿಯ ಗುಂಡಿಗಳು ಅದಲುಬದಲಾಗಿದ್ದವು. ಬೆಳಕು ಅವನ ಕಣ್ಣು ಕುಕ್ಕುತ್ತಿತ್ತು.

"ನಿಲ್ಲಿಸ್ತೀಯೋ ಇಲ್ವೋ? ನೀನೇನು ಮನುಷ್ಯಳಾ?" ಬಹಳ ದಿನಗಳಿಂದ ಯಾರೊಡನೆಯೂ ಮಾತಾಡದವನ ಒಡಕು ಗಂಟಲು.

ಆಕೆ ಜಗಳಕ್ಕೆ ನಿಲ್ಲಲಿಲ್ಲ. ಕೈ ಚಾಚಿ ಅವನ ಅಂಗಿಯ ಗುಂಡಿಯೊಂದನ್ನು ಬಿಚ್ಚಿ, ಸರಿಯಾದ ತೂತಿಗೆ ಹಾಕಿದರು. ಆಮೇಲೆ ಇನ್ನೊಂದನ್ನು. ಅವನು ಕೈ ತಳ್ಳಲಿಲ್ಲ.

ಕಂಟ್ರಾಕ್ಟರ್ ಒಮ್ಮೆ ಆಕೆಯನ್ನು, ಒಮ್ಮೆ ಅವನನ್ನು ನೋಡಿದ. ಆಕೆ ಗುಂಡಿಯಿಂದ ಕಣ್ಣು ತೆಗೆಯದೆಯೇ ಹೇಳಿದರು.

"ಇವನ ಹೆಂಡತಿ ತೀರಿಕೊಂಡು ಏಳು ತಿಂಗಳಾಯ್ತು. ನಾನು ಇಟ್ಟು ಬಂದ ಊಟ ಎತ್ಕೊಳ್ತಿದ್ದ, ನಾನು ಎಷ್ಟು ಕರೆದ್ರೂ ಬಾಗಿಲು ಮಾತ್ರ ತೆಗೀತಿರಲಿಲ್ಲ. ನನ್ನ ತಮ್ಮ."