ಸಂದಿಯೊಳಗಿನ ಕೂದಲು

ಬಚ್ಚಲ ಮೂಲೆಯಲ್ಲಿ ಟೈಲ್ಸ್ ಸಂದಿಗೆ ಕಳೆದ ಸಲ ತುಂಬಿದ್ದ ಅಂಟನ್ನು ಕೆರೆದು ಎಳೆದಾಗ ಅದರೊಳಗಿಂದ ಒಂದು ಉದ್ದನೆಯ ಬಿಳಿ ಕೂದಲು ಬಂತು. ಮೈಲಾರಪ್ಪ ಅದನ್ನು ಬೆಳಕಿಗೆ ಹಿಡಿದ. ಅಂಟು ಒಣಗಿದ ಮೇಲೆ ಕೂದಲು ಒಳಗೆ ಹೋಗುವುದಿಲ್ಲ. ಹಸಿ ಇದ್ದಾಗಲೇ ಯಾರೋ ಇಲ್ಲಿ ಸ್ನಾನ ಮಾಡಿದ್ದಾರೆ. ಆ ಮನೆಯಲ್ಲಿ ಬಿಳಿ ಕೂದಲು ಇದ್ದದ್ದು ಒಬ್ಬರಿಗೇ.

"ಇದು ಮೂರನೇ ಸಲ, ಮೈಲಾರಪ್ಪ," ಸುಧಾರಾಣಿ ಬಾಗಿಲಲ್ಲಿ ನಿಂತು ಅಂದಳು. "ಗ್ವಾಡಿ ಆಚೆ ದೇವರ ಜಗಲಿ ಐತಿ, ಗಿಲಾವ್ ಉದರಾಕತ್ತೈತಿ. ಮತ್ತ ಸೋರಿತಂದ್ರ ಹಾನಗಲ್ಲಿಂದ ಬ್ಯಾರೆ ಗೌಂಡಿನ್ನ ಕರಸ್ತೇವಿ. ಸಿಟ್ಟಾಗಬ್ಯಾಡ."

ಆಕೆಯ ಬೆನ್ನ ಹಿಂದೆ ಅತ್ತೆ ಸಿದ್ದವ್ವ, ಹಣೆತುಂಬ ವಿಭೂತಿ. ಮುದುಕಿಯ ಕಣ್ಣು ಅವನ ಬೆರಳ ಮೇಲಿತ್ತು.

ಅಕ್ಕಿಆಲೂರಿನ ಅರ್ಧ ಮನೆಗಳಿಗೆ ಟೈಲ್ಸ್ ಕೂಡಿಸಿದ ಕೈ ಅದು. ಒಂದು ಮಾತು ಆಡಿದ್ದರೆ ಹೆಸರು ಉಳಿಯುತ್ತಿತ್ತು. ಮೈಲಾರಪ್ಪ ಮುಷ್ಟಿ ಮುಚ್ಚಿದ. "ಅಂಟು ಹಳೇದಿತ್ತೇನೋರಿ ಅಕ್ಕಾರ. ತಪ್ಪು ನಂದ."

ಸುಧಾರಾಣಿ ಕಾಗದದ ಲೋಟದಲ್ಲಿ ಚಹಾ ಇಟ್ಟು ಹೋದಳು. ಆ ಮನೆಯ ಸ್ಟೀಲ್ ಲೋಟ ಅವನ ಕೈಗೆ ಎಂದೂ ಬಂದಿರಲಿಲ್ಲ, ಅವನೂ ಕೇಳಿದವನಲ್ಲ. ನೋಯುವ ಮೊಣಕಾಲು ಮಡಚಿ ಕೂತು, ಸಂದಿ ಒರೆಸಿ ಒಣಗಿಸಿ, ಹೊಸ ಅಂಟು ತುಂಬಿ, ಸಬಕಾರದ ನೀರಲ್ಲಿ ಅದ್ದಿದ ಬೆರಳಿನಿಂದ ಸವರಿದ. ಸಿದ್ದವ್ವ ಮಾತ್ರ ಅಲ್ಲೇ ನಿಂತಿದ್ದಳು.

"ಅವ್ವಾರ, ಇದು ನಾಳೆ ಸಂಜಿತನ ಒಣಗಬೇಕ್ರಿ. ಒಂದ ದಿನ ಮ್ಯಾಲಿನ ಬಚ್ಚಲಕ್ಕ ಹೋಗ್ರಿ."

"ಮೆಟ್ಟಲಾ ಹತ್ತೂ ಕಾಲೇನೋ ಇವು? ಒದ್ದಿ ಅರಿವಿಲೆ ಮೈ ಒರಸ್ಕೊಂತೇನಿ ಅಂತ ಸೊಸಿಗೆ ಹೇಳಿದ್ದೆ. ನಸುಕಿನ್ಯಾಗ ಎದ್ದ ಮ್ಯಾಲೆ ಮನಸು ಕೇಳಲಿಲ್ಲ. ಮೈಮ್ಯಾಲೆ ನೀರು ಬೀಳದ, ಲಿಂಗ ಹೆಂಗ ಮುಟ್ಟಲಿ? ಎರಡೂ ಸಲ, ಎರಡೆರಡ ತಂಬಿಗಿ ಹಾಕ್ಕೊಂಡೆ. ಅಷ್ಟ."

"ಆ ತಂಬಿಗಿ ನೀರ ಜಗಲಿ ಗ್ವಾಡಿಗೆ ಇಳದಾವ್ರಿ."

ಮುದುಕಿ ಕೊರಳಿನ ಲಿಂಗದ ಕರಡಿಗೆಯನ್ನು ಹಿಡಿದುಕೊಂಡು ಸೊಸೆ ಹೋದ ಕಡೆ ನೋಡಿದಳು.

"ಬಾಜೂಕಿನ ಮನ್ಯಾಗ ಜಳಕಾ ಮಾಡಿದ್ರ ಸೊಸಿ ಕಿವಿಗೆ ಬೀಳತೈತಿ," ಎಂದಳು. "ಅಕ್ಕಿ ಗಿರಣಿ ಹಿಂದ ಅಲ್ಲೇನೋ ನಿಮ್ಮ ಮನಿ?"

"ಹೂನ್ರಿ." ಐವತ್ತು ವರ್ಷದ ಹಿಂದೆ ಈ ಊರಿಗೆ ಸೊಸೆಯಾಗಿ ಬಂದವಳು ಇದುವರೆಗೂ ಆ ಓಣಿಗೆ ಕಾಲಿಟ್ಟಿರಲಿಲ್ಲ.

"ಬಚ್ಚಲಕ್ಕ ಚಿಲಕ ಐತೇನು?"

"ಐತ್ರಿ ಅವ್ವಾರ."

"ನಾಳೆ ನಸುಕಿನ್ಯಾಗ ಬರ್ತೇನಿ. ತಂಬಿಗಿ ತರಾಂಗಿಲ್ಲ ಮತ್ತ. ನಿಮ್ಮದ ಕೊಡು."

ಊರಿಗೆಲ್ಲ ಬಚ್ಚಲು ಮಾಡಿಕೊಟ್ಟ ಮೈಲಾರಪ್ಪನ ಸ್ವಂತ ಬಚ್ಚಲಿಗಿದ್ದದ್ದು ಒಂದು ತಗಡಿನ ಬಾಗಿಲು, ಅದನ್ನು ಮೊಳೆಗೆ ಕಟ್ಟಲು ಒಂದು ಸುತಳಿ. ಸಂಜೆ ಕಾಲೆಳೆದುಕೊಂಡು ಮನೆಗೆ ಹೋಗುವಾಗ ಅವನು ಪೇಟೆಯಲ್ಲಿ ನಿಂತು ಒಂದು ಚಿಲಕ ಕೊಂಡ.