ಬಿಡುಗಡೆಗೆ ಬಂದವಳು

ಸಭಾಂಗಣದ ಗೇಟಿಗೆ ಬೀಗ ಬಿದ್ದಿತ್ತು. 'ನೀರಿನ ಮೋಟರ್ ಕೆಟ್ಟಿರುವುದರಿಂದ ಇಂದಿನ ಪುಸ್ತಕ ಬಿಡುಗಡೆ ರದ್ದಾಗಿದೆ' ಎಂದು ಬರೆದ ಹಾಳೆಯನ್ನು ಅದರ ಮೇಲೆ ಅಂಟಿಸಿದ್ದರು. ಒಳಗೆ ಗಿಡಗಳಿಗೆ ಬಿಟ್ಟಿದ್ದ ಪೈಪಿನ ನೀರು ತುಂಬಿ, ಗೇಟಿನ ಅಡಿಯಿಂದ ಜಯನಗರದ ಆ ಅಗಲವಾದ ರಸ್ತೆಗೆ ಹರಿದು ಬರುತ್ತಿತ್ತು. ನಲವತ್ತು ಪುಸ್ತಕಗಳ ಕಟ್ಟನ್ನು ಆಟೋದಿಂದ ಇಳಿಸಿಕೊಂಡ ಸುಧಾಮಣಿ ಹಾಳೆಯನ್ನು ಎರಡು ಸಲ ಓದಿದಳು. ಅದು ಅವಳ ಮೊದಲ ಕಾದಂಬರಿ. ವಿಮಾ ಕಚೇರಿಯ ಕೆಲಸ ಮುಗಿಸಿ ಬಂದು, ಒಂಟಿ ಮನೆಯಲ್ಲಿ ಕೂತು ಒಂಬತ್ತು ವರ್ಷ ಬರೆದದ್ದು.

ಪುಸ್ತಕದ ಬಗ್ಗೆ ಮಾತನಾಡಬೇಕಿದ್ದವನು ನರೇಂದ್ರ. ಕಾಲೇಜಿನ ಮೇಷ್ಟ್ರು, ಇಪ್ಪತ್ತು ವರ್ಷದ ಗೆಳೆಯ. ಅವಳು ಫೋನ್ ಮಾಡುವ ಮೊದಲೇ ಅವನು ಮಾಡಿದ.

"ಹಾಲ್‌ನವರು ನಂಗೂ ಹೇಳಿದ್ರು ಸುಧಾ. ಲೇಔಟ್ ವಾಟ್ಸಾಪ್ ಗ್ರೂಪಲ್ಲಿ ಯಾರೋ ಪುಸ್ತಕದ ಹಿಂಬದಿ ಫೋಟೋ ಹಾಕಿದಾರೆ. ಇದರಲ್ಲಿರೋ ಲೀಡರ್ ಯಾರು, ದೇವಿ ವಿಷಯದಲ್ಲಿ ಇದೇನು ಬರ್ದಿರೋದು ಅಂತ ಜಗಳ ಶುರುವಾಗಿದೆ."

"ಯಾರೂ ಅಲ್ಲ ಅಂತ ನಿಂಗೆ ಗೊತ್ತಲ್ಲ. ನೀನು ಓದಿದೀಯ."

"ಓದಿದೀನಿ. ಆದ್ರೆ ನನ್ನ ಪ್ರಮೋಷನ್ ಫೈಲ್ ಈಗ್ಲೇ ಮೇಲೆ ಹೋಗಿದೆ. ಹೇಗೂ ಹಾಲೇ ಇಲ್ವಲ್ಲ ಇವತ್ತು."

"ಬೇರೆ ಕಡೆ ಮಾಡಿದ್ರೆ ಬರ್ತೀಯಾ?"

"ನೋಡೋಣ" ಎಂದ.

ಮನೆಗೆ ಹೋಗಿಬಿಡಬಹುದಿತ್ತು. ಆದರೆ ಕರೆದವರು ಯಾರಾದರೂ ಬಂದು ಬೀಗ ನೋಡಿ ತಬ್ಬಿಬ್ಬಾದಾರು ಎಂದು ಸುಧಾಮಣಿ ಎದುರಿನ ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಕೂತಳು. ಹತ್ತೂವರೆಯಾಯಿತು. ಹನ್ನೊಂದಾಯಿತು. ಕಚೇರಿಯ ಸಹೋದ್ಯೋಗಿಯೊಬ್ಬಳು ಸ್ಕೂಟರ್ ನಿಧಾನ ಮಾಡಿದಳು, ಬೀಗ ನೋಡಿದಳು, ಇವಳನ್ನೂ ನೋಡಿದಳು. ಕೈಯೆತ್ತುವಷ್ಟರಲ್ಲಿ ತಿರುವು ದಾಟಿಹೋದಳು. ಆಮೇಲೆ ಯಾರೂ ಬರಲಿಲ್ಲ.

ಹನ್ನೊಂದೂಕಾಲಿಗೆ ಬಸ್ಸಿಳಿದು ದುಂಡವ್ವ ಬಂದಳು. ಇಳಕಲ್ ಸೀರೆ, ಎಣ್ಣೆ ಹಚ್ಚಿ ಬಾಚಿದ ನರೆಗೂದಲು. ಬಿಟಿಎಂ ಲೇಔಟಿನ ಒಂದು ಸಣ್ಣ ಅಂಗಡಿಯಲ್ಲಿ ಜೋಳದ ರೊಟ್ಟಿ ಬಡಿದು ಮಾರುವವಳು. ನಾಲ್ಕು ವರ್ಷದಿಂದ ಪ್ರತಿ ಶನಿವಾರ ಸುಧಾಮಣಿ ಅವಳಲ್ಲಿ ರೊಟ್ಟಿ ಕೊಳ್ಳುತ್ತಿದ್ದಳು. ಕಡಕ್ ರೊಟ್ಟಿಯೋ ಬಿಸಿ ರೊಟ್ಟಿಯೋ ಎನ್ನುವುದರಾಚೆ ಇಬ್ಬರ ನಡುವೆ ಮಾತು ಬೆಳೆದಿರಲಿಲ್ಲ. ಮೊನ್ನೆ ಆಮಂತ್ರಣ ಕೊಟ್ಟದ್ದೂ ಕೈಯಲ್ಲಿ ಒಂದು ಉಳಿದಿತ್ತು ಎಂದಷ್ಟೇ.

"ತಡ ಆತೇನ್ರಿ ಅಕ್ಕಾರ? ಎಲ್ಲಾರೂ ಹೋಗ್ಯಾರೇನು?"

"ಯಾರೂ ಬರ್ಲೇ ಇಲ್ಲ ದುಂಡವ್ವ. ನಿಲ್ಲಿಸಿಬಿಟ್ರು."

ದುಂಡವ್ವ ಯಾಕೆಂದು ಕೇಳಲಿಲ್ಲ. ಸೆರಗಿನಿಂದ ಮೆಟ್ಟಿಲು ಒರೆಸಿ ಪಕ್ಕದಲ್ಲಿ ಕೂತಳು. "ನನಗ ಓದಾಕ ಬರಂಗಿಲ್ರಿ. ಏನ್ ಬರದೀರಿ, ಬಾಯಿಲೇ ಹೇಳ್ರಿ."

ಸುಧಾಮಣಿ ಹೇಳಿದಳು. ಹೊಳೆದಂಡೆಯ ಒಂದು ಊರು. ಅಣೆಕಟ್ಟಿನ ನೀರು ಏರುತ್ತಿದೆ. ಊರ ಮುಖಂಡನಿಗೆ ಜನ ಚದುರಿದರೆ ತನ್ನ ಅಧಿಕಾರ ಹೋಗುತ್ತದೆಂಬ ಭಯ. ಅವನು ಪೂಜಾರಿಯ ಬಾಯಲ್ಲಿ ದೇವಿ ನೀರನ್ನು ತಡೆಯುತ್ತಾಳೆಂದು ಹೇಳಿಸುತ್ತಾನೆ. ಜನ ನಂಬಿ ಅಲ್ಲೇ ಉಳಿಯುತ್ತಾರೆ, ಮುಳುಗುತ್ತಾರೆ. ಹೇಳುತ್ತ ಹೇಳುತ್ತ ಅವಳಿಗೆ ಸಭೆಯಿಲ್ಲದ್ದು ಮರೆತೇಹೋಯಿತು.

ದುಂಡವ್ವ ಕೊನೆಯವರೆಗೂ ನೆಲ ನೋಡುತ್ತ ಕೇಳಿದಳು. "ನಂಬಿದ್ರು ಅಂತ ಬರದೀರೇನ್ರಿ?"

"ಹೌದು. ಯಾಕೆ?"

"ನಮ್ಮೂರೂ ಮುಳಿಗೇತ್ರಿ. ನಾವ್ಯಾರೂ ನಂಬಿರಲಿಲ್ಲ. ನೀರು ಬರತೈತಿ ಅಂತ ಸಣ್ಣ ಕೂಸಿಗೂ ಗೊತ್ತಿತ್ತು. ಎಲ್ಲಿಗೆ ಹೋಗೂನ್ರಿ ಅಂತ ಕೇಳಿದ್ರ ಡ್ಯಾಮಿನ ಸಾಹೇಬರು ಮಾತಾಡತಿರಲಿಲ್ಲ. ದೇವಿ ಏಳಾಕ ಒಲ್ಲೆ ಅಂತಾಳ್ರಿ ಅಂದ್ರ ಮಾತ್ರ ಹೆದರಿ ಹೊಳ್ಳಿ ಹೋಗತಿದ್ರು. ಮತ್ತ ನಾಕ ದಿನ ಬಿಟ್ಟು ಬರತಿದ್ರು. ಹಂಗ ಅನಕೋತ ಎರಡು ವರ್ಷ ಉಳದ್ವಿ."

"ಆಮೇಲೆ?"

"ನಮ್ಮ ನೆವ ಅವರಿಗೂ ತಿಳೀತು. ಒಂದಿನ ಲೀಡರ್ ಬಂದ, ಸ್ವಾಮಿಗಳು ಬಂದ್ರು, ಬ್ಯಾಂಡಿನವರು ಬಂದ್ರು. ನಮ್ಮನ್ನ ಏನೂ ಕೇಳಲಿಲ್ಲ. ಮೊದಲ ದೇವೀನ್ನ ಒಯ್ದ್ರು. ಆಕಿ ಹೋದ ಮ್ಯಾಲ ನಾವೇನ್ ಹೇಳೂನ್ರಿ? ವಾರದಾಗ ಊರು ಖಾಲಿ ಆತು." ಅವಳು ಪುಸ್ತಕದ ಕಟ್ಟಿನ ಕಡೆ ನೋಡಿದಳು. "ಇದು ಅದರಾಗ ಐತೇನ್ರಿ?"

"ಇಲ್ಲ" ಎಂದಳು ಸುಧಾಮಣಿ. ಒಂಬತ್ತು ವರ್ಷದಲ್ಲಿ ಅವಳು ಅಣೆಕಟ್ಟುಗಳ ಬಗ್ಗೆ ಸಿಕ್ಕಿದ್ದೆಲ್ಲ ಓದಿದ್ದಳು. ಮುಳುಗಿದ ಊರಿನವರಲ್ಲಿ ಒಬ್ಬರನ್ನೂ ಹುಡುಕಿ ಮಾತನಾಡಿಸಿರಲಿಲ್ಲ.

"ಇರಲಿ ಬಿಡ್ರಿ, ನಿಮಗ ಹ್ಯಾಂಗ ಗೊತ್ತಾಗಬೇಕು" ಎಂದಳು ದುಂಡವ್ವ.

ರಸ್ತೆಯಲ್ಲಿ ಒಂದು ಬಸ್ಸು ಬಂದು ನಿಂತು ಹೋಯಿತು. ದುಂಡವ್ವ ಏಳಲಿಲ್ಲ. ಸುಧಾಮಣಿ ಕೇಳಿದಳು, "ದೇವೀನ ತಗೊಂಡು ಹೋಗುವಾಗ ನೀವು ಅಲ್ಲೇ ಇದ್ರಾ?"

"ಇದ್ದೆ. ಆರತಿ ಹಿಡಕೊಂಡ ನಿಂತಿದ್ವಿ ಹೆಣ್ಮಕ್ಕಳೆಲ್ಲ. ಟ್ರ್ಯಾಕ್ಟರಿನ್ಯಾಗ ಕುಂದರಿಸಿ, ಆಕಿ ಕಣ್ಣು ಮುಚ್ಚೂವಂಗ ಮಾರಿಗೆ ಹಸರ ಸೀರಿ ಸುತ್ತಿ ಬಿಗದ ಕಟ್ಟಿದ್ರು. ಯಾಕ್ರಿ ಅಂತ ಕೇಳಿದೆ. ಹೊಳ್ಳಿ ಬರೂ ದಾರಿ ಆಕಿಗೆ ಕಾಣಬಾರದಂತ."